ಕಾಡಿಗೆ ತೆನೆಯ ಜಾಡು

ಹಿರಿಯೂರು, ಚಿತ್ರದುರ್ಗದ ಎರೆಹೊಲಗಳಲ್ಲಿ ಜೋಳದ ದಂಟು ತೆನೆ ಬಿಚ್ಚುವವರೆಗೂ ಯಾರಿಗೂ ಅನುಮಾನ ಬರುವುದಿಲ್ಲ. ಕಾಳು ಕಟ್ಟಬೇಕಾದ ಜಾಗದಲ್ಲಿ ಬೂದುಬಣ್ಣದ ಸಣ್ಣ ಚೀಲ ಕಂಡಾಗಲೇ ಗುಟ್ಟು ರಟ್ಟು. ಹಿಸುಕಿದರೆ ಬೆರಳಿಗೆಲ್ಲ ಕಪ್ಪು ಪುಡಿ. ರೈತರು ಇದನ್ನು ಕಾಡಿಗೆ ರೋಗ ಎಂದರು.

ಇದನ್ನು ಮುಂದಿನ ವರ್ಷಕ್ಕೆ ದಾಟಿಸುತ್ತಿದ್ದುದು ಒಕ್ಕಣೆ. ಕಣದಲ್ಲಿ ರೋಣಗಲ್ಲು ಉರುಳಿದಾಗ ಚೀಲಗಳು ಒಡೆದು, ಪುಡಿ ಒಳ್ಳೆಯ ಕಾಳಿಗೂ ಮೆತ್ತಿಕೊಳ್ಳುತ್ತಿತ್ತು. ಅದೇ ಕಾಳು ಬಿತ್ತನೆಯಾದರೆ ಮೊಳಕೆಯ ಜೊತೆಗೇ ಶಿಲೀಂಧ್ರವೂ ಮೊಳೆತು, ಗಿಡದೊಳಗೇ ಬೆಳೆದು, ತೆನೆ ಸೇರುತ್ತಿತ್ತು.

ಗೋಧಿಯಲ್ಲಿ ಇಂಥದೇ ಕಪ್ಪು ಪುಡಿ ರೋಗ ಅಂಟಿಸುತ್ತದೆಂದು ಫ್ರಾನ್ಸಿನ ಟಿಲ್ಲೆ 1755ರಲ್ಲಿ ತೋರಿಸಿದ್ದ. 1807ರಲ್ಲಿ ಪ್ರಿವೋ ಅದಕ್ಕೆ ತಾಮ್ರದ ಮದ್ದು ಕಂಡುಹಿಡಿದ. ಇಪ್ಪತ್ತನೆಯ ಶತಮಾನದಲ್ಲಿ ಅದೇ ಉಪಾಯ ಜೋಳದ ಸೀಮೆಗೂ ಬಂತು: ಬಿತ್ತನೆ ಕಾಳನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಒಣಗಿಸುವುದು. ನೆನೆಸುವ ರಗಳೆಯಿಲ್ಲದ ಗಂಧಕದ ಪುಡಿ ಆಮೇಲೆ ಬಂದು, ಮೈಲುತುತ್ತವನ್ನು ಹಿಂದಕ್ಕೆ ತಳ್ಳಿತು.

ಹೊಸದುರ್ಗದ ಕೆಂಪುಹೊಲಗಳ ರಾಗಿಗೂ ತನ್ನದೇ ಕಾಡಿಗೆಯುಂಟು. ಅದರ ಶಿಲೀಂಧ್ರಕ್ಕೆ ಇಂದಿನ ಶಾಸ್ತ್ರೀಯ ಹೆಸರು ಕೊಟ್ಟವರು ಬಿ.ಬಿ. ಮುಂಡ್ಕೂರ್ ಮತ್ತು ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್. ಇಬ್ಬರೂ ಸೇರಿ ಭಾರತದ ಕಾಡಿಗೆ ಶಿಲೀಂಧ್ರಗಳ ಗ್ರಂಥವನ್ನು 1952ರಲ್ಲಿ ಹೊರತಂದರು. 1914ರಲ್ಲಿ ಹುಟ್ಟಿದ ತಿರುಮಲಾಚಾರ್ ಮುಂದೆ ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಹ್ಯಾಮೈಸಿನ್ ಔಷಧದಿಂದ ಹೆಸರಾದರು.

ಕಾಡಿಗೆಯ ನಂಟನ್ನು ಮಾತ್ರ ಅವರು ಬಿಡಲಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನಲ್ಲಿ ಆಲೂಗಡ್ಡೆಗೂ ಒಂದು ಕಾಡಿಗೆ ರೋಗವಿದೆ. ಗಡ್ಡೆ, ಕಾಂಡಗಳಲ್ಲಿ ಗಂಟು ಎದ್ದು, ಒಳಗೆ ಕಂದು ಬಣ್ಣದ ಪುಡಿ ತುಂಬುತ್ತದೆ. ವೆನೆಜುವೆಲಾದ ಮಾದರಿಗಳಿಂದ 1944ರಲ್ಲಿ ಬ್ಯಾರಸ್ ಇದನ್ನು ವರ್ಣಿಸಿದ್ದರು. ನಿಯಮಬದ್ಧ ಹೆಸರು ಸಿಕ್ಕಿದ್ದು 1970ರ ದಶಕದಲ್ಲಿ, ತಿರುಮಲಾಚಾರ್ ಮತ್ತು ಓಬ್ರಿಯನ್ ಅವರಿಂದ. ಇದು ಬಿತ್ತನೆಗಡ್ಡೆಯ ಜೊತೆ ಪಯಣಿಸುತ್ತದೆ, ಮಣ್ಣಿನಲ್ಲೂ ಉಳಿಯುತ್ತದೆ. ಹಾಗಾಗಿ ಬೇರೆ ದೇಶಗಳು ಇದನ್ನು ಬಂದರಿನಲ್ಲೇ ತಡೆಯಲು ನೋಡುತ್ತವೆ.

ಇತ್ತ ಜೋಳದ ಕಾಡಿಗೆ ಹಿಮ್ಮೆಟ್ಟಲು ಹೈಬ್ರಿಡ್ ಬೀಜವೂ ಕಾರಣ. 1964ರಲ್ಲಿ ಸಿಎಸ್‌ಎಚ್-1 ಬಿಡುಗಡೆಯಾದ ಮೇಲೆ ಔಷಧ ಲೇಪಿಸಿದ ಬೀಜ ಪೊಟ್ಟಣದಲ್ಲಿ ಸಿಗತೊಡಗಿತು. ಕಣದ ಕಾಳನ್ನೇ ಬಿತ್ತುವ ರೂಢಿ ತಗ್ಗಿತು. ಹೊಳಲ್ಕೆರೆ, ಚಿತ್ರದುರ್ಗದ ಎಷ್ಟೋ ಹೊಲಗಳಲ್ಲಿ ಈಗ ಜೋಳವೇ ಇಲ್ಲ, ಮೆಕ್ಕೆಜೋಳವಿದೆ. ನಾಟಿ ಜೋಳದ ಬಿತ್ತನೆಯನ್ನು ಮನೆಯಲ್ಲೇ ಇಟ್ಟುಕೊಳ್ಳುವವರಿಗೆ ಇಂದಿಗೂ ಹಳೆಯ ಲೆಕ್ಕವೇ: ಒಂದು ಕೆ.ಜಿ. ಕಾಳಿಗೆ 4 ಗ್ರಾಂ ಗಂಧಕ.