ಹೂದಾನಿಯ ತಳದಲ್ಲಿ ನಾಲ್ಕು ಅಕ್ಷರ

ನಿಮ್ಮ ಅಜ್ಜಿ ಮನೆ ಷೋಕೇಸಿನಲ್ಲಿ ಚೆಂಡುಹೂವಿನ ಬಣ್ಣದ ಹಳೇ ಗಾಜಿನ ಹೂದಾನಿ ಇದೆಯಾ? ಬೆಳಕಿಗೆ ತಿರುಗಿಸಿದ್ರೆ, ರಸ್ತೆ ಮೇಲಿನ ಮಳೆನೀರಿಗೆ ಪೆಟ್ರೋಲ್ ಬಿದ್ದ ಹಾಗೆ ನೇರಳೆ, ಹಸಿರು, ಚಿನ್ನದ ಬಣ್ಣ ಹೊಳೆಯುತ್ತಾ? ಹಾಗಿದ್ರೆ ಈ ಎಪಿಸೋಡ್ ಪೂರ್ತಿ ಕೇಳಿ. ಸಂಗ್ರಾಹಕರು ಅದನ್ನ ಕಾರ್ನಿವಲ್ ಗ್ಲಾಸ್ ಅಂತಾರೆ.

ಕತೆ ಶುರುವಾಗೋದು ಅಮೆರಿಕದಲ್ಲಿ. ಲೂಯಿ ಕಂಫರ್ಟ್ ಟಿಫನಿ 1894ರಲ್ಲಿ ‘ಫಾವ್ರಿಲ್’ ಅನ್ನೋ ಹೆಸರು ನೋಂದಾಯಿಸಿ, ಹೊಳೆಯುವ ಗಾಜನ್ನು ಶ್ರೀಮಂತರಿಗೆ ಮಾರುತ್ತಿದ್ದ. ಅದೇ ಹೊಳಪನ್ನು ಸಾಮಾನ್ಯರ ಮನೆಗೆ ತಂದವರು ಫೆಂಟನ್ ಸಹೋದರರು. 1907ರಲ್ಲಿ ವೆಸ್ಟ್ ವರ್ಜೀನಿಯಾದ ವಿಲಿಯಮ್ಸ್‌ಟೌನಿನಲ್ಲಿ ಅವರ ಕಾರ್ಖಾನೆ ಶುರುವಾಯಿತು. ವಿಧಾನ ಸರಳ. ಕರಗಿದ ಗಾಜನ್ನು ಕಬ್ಬಿಣದ ಅಚ್ಚಿಗೆ ಹಾಕಿ ಒತ್ತಬೇಕು, ಇನ್ನೂ ಬಿಸಿ ಇರುವಾಗಲೇ ಲೋಹದ ಲವಣದ ದ್ರಾವಣ ಸಿಂಪಡಿಸಬೇಕು. ಮೇಲೆ ಕೂರುವ ತೆಳ್ಳಗಿನ ಪದರದಿಂದಲೇ ಆ ಕಾಮನಬಿಲ್ಲು. ಒಳಗಿನ ಗಾಜಿನ ನಿಜ ಬಣ್ಣ ಬೇಕಿದ್ರೆ ತಳ ನೋಡಿ. ಅಲ್ಲಿ ಸಾಮಾನ್ಯವಾಗಿ ಹೊಳಪಿರಲ್ಲ.

ತಳದಲ್ಲಿ ಇನ್ನೊಂದೂ ಸಿಗಬಹುದು: ಗುರುತು. ವೃತ್ತದೊಳಗೆ ಅಡಿಗೆರೆ ಎಳೆದ ಇಂಗ್ಲಿಷಿನ ‘ಎನ್’ ಕಂಡರೆ ಅದು ಹ್ಯಾರಿ ನಾರ್ತ್‌ವುಡ್‌ದು. ಇಂಗ್ಲೆಂಡಿನ ಹೆಸರಾಂತ ಗಾಜು ಕೊರೆಯುವ ಕಲಾವಿದ ಜಾನ್ ನಾರ್ತ್‌ವುಡ್‌ನ ಮಗ ಈತ. 1881ರಲ್ಲಿ ಅಮೆರಿಕಕ್ಕೆ ಹೋದವನು, ಕೊನೆಗೆ ವೀಲಿಂಗ್‌ನಲ್ಲಿ ನೆಲೆ ನಿಂತ. ಅಪ್ಪ ಒಂದೊಂದು ಹೂದಾನಿಗೆ ವರ್ಷಗಟ್ಟಲೆ ಕೂತು ಕೊರೆದರೆ, ಮಗ ಅಚ್ಚಿನಿಂದ ರಾಶಿ ರಾಶಿ ತೆಗೆದ. ನನಗಂತೂ ಮಗನೇ ಇಷ್ಟ!

1920ರ ದಶಕದಲ್ಲಿ ಅಲ್ಲಿ ಈ ಫ್ಯಾಷನ್ ಇಳಿದುಹೋಯ್ತು. ಜಾತ್ರೆಗಳಲ್ಲಿ ಬಹುಮಾನವಾಗಿ ಕೊಡುವಷ್ಟು ಅಗ್ಗವಾಗಿದ್ದರಿಂದ ‘ಕಾರ್ನಿವಲ್’ ಹೆಸರು ಅಂಟಿಕೊಂಡಿತು ಅಂತಾರೆ. ಆ ಹೆಸರೂ ಆಮೇಲೆ ಸಂಗ್ರಾಹಕರು ಇಟ್ಟಿದ್ದೇ.

ಈಗ ನಮ್ಮ ದೇಶಕ್ಕೆ ಬರೋಣ. ಉತ್ತರ ಪ್ರದೇಶದ ಫಿರೋಜಾಬಾದ್ ಗೊತ್ತಲ್ವಾ? ನಮ್ಮೂರ ಜಾತ್ರೆಯಲ್ಲಿ ಹೆಣ್ಮಕ್ಕಳು ತೊಡಿಸಿಕೊಳ್ಳುವ ಎಷ್ಟೋ ಗಾಜಿನ ಬಳೆ ಬರೋದು ಅಲ್ಲಿಂದಲೇ. ಆ ಊರಿನ ಜೈನ್ ಗ್ಲಾಸ್ ವರ್ಕ್ಸ್ ಕೂಡ ಕಾರ್ನಿವಲ್ ಗಾಜು ಮಾಡಿತು. ಸುತ್ತಿಕೊಂಡ ಮೀನಿನ ಹೂದಾನಿ, ಹೂದಾನಿಯನ್ನೇ ಹಿಡಿದು ನಿಂತ ಕೈ. ಇವು ಅಮೆರಿಕದ ನಕಲಲ್ಲ, ಇಲ್ಲಿಯವೇ ಆದ ಕಲ್ಪನೆಗಳು. ಎಷ್ಟೋ ತುಂಡುಗಳಲ್ಲಿ ಇಂಗ್ಲಿಷಿನ ನಾಲ್ಕೇ ಅಕ್ಷರ ಇರುತ್ತೆ: ‘ಜೈನ್’.

ಇವತ್ತು ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದ ಸಂಗ್ರಾಹಕರು ಇವನ್ನು ಹುಡುಕಿ ಕೊಂಡು, ಪಟ್ಟಿ ಮಾಡಿ, ಅಚ್ಚಿಗೆ ಅಚ್ಚು ಹೋಲಿಸುತ್ತಾರೆ. ನಮ್ಮಲ್ಲಿ? ಅಟ್ಟ ಖಾಲಿ ಮಾಡುವಾಗ ಗುಜರಿಗೆ! ನನಗೆ ಹೊಟ್ಟೆ ಉರಿಯೋದು ಇಲ್ಲೇ. ಗಾಜಿನ ಮೇಲೆ ಕಂಪನಿ ಹೆಸರಿದೆ, ಅಚ್ಚು ಕೊರೆದವನದ್ದಿಲ್ಲ. ಕುಲುಮೆ ಮುಂದೆ ಬೆಂದವನದ್ದೂ ಇಲ್ಲ. ಆ ಊರಿನ ಬಳೆ ಕೆಲಸದಲ್ಲಿ ಮಕ್ಕಳನ್ನೂ ದುಡಿಸುತ್ತಿದ್ದರು ಅನ್ನೋದನ್ನ ಹೊಳಪಿನ ಭರದಲ್ಲಿ ಮರೆಯೋಕಾಗಲ್ಲ.

ಗುರುತಿಲ್ಲದ ತುಂಡು ಸಿಕ್ಕರೆ ಅದು ಎಲ್ಲಿಂದ, ಯಾವಾಗ ಮನೆಗೆ ಬಂತು ಅಂತ ಹಿರಿಯರನ್ನ ಕೇಳಿ, ಫೋನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ತೊಳೆಯುವಾಗ ಮಾತ್ರ ಉಜ್ಜುವ ಪುಡಿ ಬೇಡ, ಪದರ ಕಿತ್ತುಹೋಗುತ್ತೆ.

1996ರ ಡಿಸೆಂಬರ್‌ನಲ್ಲಿ ತಾಜ್‌ಮಹಲ್ ಉಳಿಸಲು ಸುಪ್ರೀಂ ಕೋರ್ಟ್ ಆ ಪ್ರದೇಶದ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಬಳಕೆ ನಿಲ್ಲಿಸಲು ಹೇಳಿತು. ಫಿರೋಜಾಬಾದಿನ ಕುಲುಮೆಗಳು ಗ್ಯಾಸಿಗೆ ಬದಲಾದವು. ಬಳೆ ಈಗಲೂ ಬರ್ತಿದೆ.