ಚಿಂದಿ ಉಣ್ಣೆಯ ಚರಿತ್ರೆ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಹಾಲು, ಗೊಬ್ಬರ, ಸಾಲದ ವಿಷಯ ಬರೆಯುವವರು ಬಹಳ ಮಂದಿ ಇದ್ದಾರೆ. ನಾವು ಮಾತ್ರ ಅನುಗೊಂಡನಹಳ್ಳಿಯ ಸದಸ್ಯ ಬಾಂಧವರು ಚಳಿಗಾಲದಲ್ಲಿ ಹೊದ್ದು ಮಲಗಿದ ಅಗ್ಗದ ಬೂದು ರಗ್ಗಿನ ಕಥೆ ಹೇಳೋಣ ಅಂತ ಹೊರಟಿದ್ದೇವೆ.

ಹರಿದ ಸೀರೆಯಲ್ಲಿ ಕೌದಿ ಹೊಲಿಯೋದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಆದರೆ ಹರಿದ ಉಣ್ಣೆ ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿ ಮತ್ತೆ ನೂಲು ತೆಗೆಯುವ ಉದ್ಯಮ ಶುರುವಾದದ್ದು ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನಲ್ಲಿ, 1813ರಲ್ಲಿ, ಬೆಂಜಮಿನ್ ಲಾ ಎಂಬಾತನಿಂದ. ಅದು ನೆಪೋಲಿಯನ್ ಯುದ್ಧದ ಕಾಲ, ಉಣ್ಣೆಗೆ ಬರ. ಈ ಸರಕಿಗೆ 'ಶಾಡಿ' ಅಂತ ಹೆಸರಾಯ್ತು. 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧದಲ್ಲಿ ಇದರಿಂದ ಹೊಲಿದ ಸಿಪಾಯಿಗಳ ಉಡುಪು ಬೇಗನೆ ಹರಿದುಹೋಗಿ, ಶಾಡಿ ಎಂದರೆ ಕಳಪೆ ಎಂಬ ಅರ್ಥವೇ ನಿಂತುಬಿಟ್ಟಿತು.

ನಮ್ಮ ದೇಶದಲ್ಲಿ ಇದರ ದೊಡ್ಡ ಕೇಂದ್ರ ಹರಿಯಾಣದ ಪಾಣಿಪತ್. ಪರದೇಶಗಳ ಹಳೇ ಕೋಟು, ಸ್ವೆಟರುಗಳು ಕಾಂಡ್ಲಾ ಬಂದರಿಗೆ ಮೂಟೆ ಮೂಟೆಯಾಗಿ ಬರುತ್ತವೆ. ಯಾರೂ ತೊಡಲು ಮಾರಬಾರದು ಅಂತ ಅವಕ್ಕೆ ಮೊದಲೇ ಕತ್ತರಿ ಹಾಕಿರಬೇಕು. ಹೆಂಗಸರು ಕೂತು ಗುಂಡಿ, ಜಿಪ್ಪು ಕಿತ್ತು ಬಣ್ಣವಾರು ಗುಡ್ಡೆ ಮಾಡುತ್ತಾರೆ. ಬಣ್ಣ ವಿಂಗಡಿಸಿದರೆ ಮತ್ತೆ ಬಣ್ಣ ಹಾಕುವ ಖರ್ಚಿಲ್ಲ. ಆಮೇಲೆ ಹಲ್ಲಿನ ಯಂತ್ರ ಅದನ್ನು ಸಿಗಿದು ಹಿಂಜುತ್ತದೆ. ಹೀಗೆ ಸಿಗಿಯುವಾಗ ಎಳೆ ತುಂಡಾಗಿ ಗಿಡ್ಡವಾಗುವುದೇ ಇದರ ದೋಷ. ಉದ್ದ ಎಳೆ ಬೆರೆಸದಿದ್ದರೆ ನೂಲು ನಿಲ್ಲದು. ನಮ್ಮನೇ ರಗ್ಗಿನಲ್ಲೂ ಬೂದಿಯ ನಡುವೆ ಕೆಂಪು, ಹಸಿರು ಎಳೆ ಇಣುಕುತ್ತಿತ್ತು, ಯಾವ ದೇಶದವರ ಸ್ವೆಟರೋ ಏನೋ!

ಭೂಕಂಪ, ನೆರೆ ಬಂದಾಗ ಹಂಚಿದ ಕಂಬಳಿಗಳಲ್ಲಿ ಇವೂ ಬಹಳ. ಬಡವನ ಚಳಿ ಕಳೆದ ವಸ್ತುವನ್ನು ನಾವು ಹಳಿಯಲಾರೆವು. ಆದರೆ ಬೆರಕೆಯನ್ನು ಮುಚ್ಚಿಟ್ಟು 'ಶುದ್ಧ ಉಣ್ಣೆ' ಅಂತ ಮಾರಿದ್ದನ್ನು ಒಪ್ಪಲಾರೆವು. ಅದರ ಪೆಟ್ಟು ಬಿದ್ದದ್ದು ಕುರುಬರ ಕರಿಕಂಬಳಿಗೆ. ಕುರಿ ಕತ್ತರಿಸಿ, ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಕೊಟ್ಟು, ಗುಣಿಮಗ್ಗದಲ್ಲಿ ನೇಯ್ದ ಕಂಬಳಿ ಮಳೆಗೂ ಜಗ್ಗದು. ಆದರೆ ಅಷ್ಟು ದಿನದ ಕೂಲಿಯನ್ನು ಯಂತ್ರದ ರಗ್ಗಿನ ಬೆಲೆಯಲ್ಲಿ ಹೊಂದಿಸೋದು ಹೇಗೆ?

ಈಗ ಶಾಡಿಗೂ ಅದೇ ಗತಿ. ಪಾಲಿಯೆಸ್ಟರಿನ ಮೆತ್ತನೆ ಹೊದಿಕೆ ಬಂದು ಪಾಣಿಪತ್ತಿನ ಎಷ್ಟೋ ಕಾರ್ಖಾನೆಗಳು ಕಸುಬು ಬದಲಿಸಿವೆ. ನಮ್ಮ ಮನೆಯ ರಗ್ಗು ಸವೆದು ದನದ ಕೊಟ್ಟಿಗೆ ಸೇರಿತು. ಅಟ್ಟದ ಮೇಲಿನ ಕರಿಕಂಬಳಿಯನ್ನು ಮಾತ್ರ ದೇವರ ಕಾರ್ಯದಲ್ಲಿ ಗದ್ದಿಗೆ ಹಾಸಲು ಇವತ್ತಿಗೂ ಇಳಿಸುತ್ತೇವೆ.