ಮೈಸೂರಿಗೆ ಹೊರಟವರಿಗೆ: ರಾತ್ರಿ ನಾಟಕ ಬಿಡಬೇಡಿ

ಮೈಸೂರಿಗೆ ಎರಡು ದಿನಕ್ಕೆ ಹೊರಟವರು ಅರಮನೆ, ಮೃಗಾಲಯ, ಬೆಟ್ಟ, ಬೃಂದಾವನ ಎಂದು ಬರೆದುಕೊಂಡು ಬರುತ್ತಾರೆ. ನಾನು ಅವರನ್ನು ಕೇಳುವುದು ಒಂದೇ ಮಾತು: ರಾತ್ರಿಗೆ ಏನಿಟ್ಟುಕೊಂಡಿದ್ದೀರಿ? ನಮ್ಮ ತಾತನ ಬಾಯಲ್ಲಿ ಮೈಸೂರು ಅಂದರೆ ಹಗಲು ಸುತ್ತಾಟ, ರಾತ್ರಿ ನಾಟಕ.

ಈ ಜೋಡಿ ಕೂಡಿಬಂದದ್ದು ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ. ಬೆಂಗಳೂರಿನಿಂದ ರೈಲು ಬಂದದ್ದೂ 1892ರಲ್ಲಿ ಮೃಗಾಲಯ ಶುರುವಾದದ್ದೂ ಅವರ ಆಳ್ವಿಕೆಯಲ್ಲೇ. ಅರಮನೆಯದೇ ನಾಟಕ ಕಂಪನಿಯೂ ಇತ್ತು. ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಸಂಸ್ಥಾನದ ನಾಡಗೀತೆ ಬರೆದವರೂ ಅವರೇ. ಅರಮನೆಯಲ್ಲಿ ಹುಟ್ಟಿದ ಆ ರುಚಿ ಬೀದಿಗೂ ಇಳಿಯಿತು. ವರದಾಚಾರ್ಯರ ರತ್ನಾವಳಿ ಕಂಪನಿಯ ಹಾಡುಗಾರಿಕೆಗೆ ಜನ ಮುಗಿಬಿದ್ದರು.

ಈಗ ನೋಡುವ ಅರಮನೆ ಆಮೇಲಿನದು. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸದು ಮುಗಿದದ್ದು 1912ರಲ್ಲಿ. ಅಷ್ಟು ವರ್ಷ ರಾಜಮನೆತನ ಇದ್ದದ್ದು 1861ರ ಜಗನ್ಮೋಹನ ಅರಮನೆಯಲ್ಲಿ. ಅದನ್ನು ತಪ್ಪಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ.

ರಾತ್ರಿಯ ನಾಟಕಕ್ಕೆ ಈಗ ರಂಗಾಯಣವಿದೆ, 1989ರಲ್ಲಿ ಬಿ.ವಿ. ಕಾರಂತರು ಕಟ್ಟಿ ನಿಲ್ಲಿಸಿದ್ದು. ವಾರಾಂತ್ಯಕ್ಕೆ ಬನ್ನಿ, ಯಾವ ಪ್ರಯೋಗವಿದೆಯೆಂದು ಮೊದಲೇ ವಿಚಾರಿಸಿ. ಅರಮನೆಯ ದೀಪಾಲಂಕಾರ ಭಾನುವಾರವೂ ಉಂಟು. ಮಂಗಳವಾರ ಮಾತ್ರ ಮೃಗಾಲಯಕ್ಕೆ ರಜೆ.